ತೂಕಕ್ಕೆ ಹಾಕಿದ ಸೇಬುಗಳು

ಹುಮನಾಬಾದ

ನನ್ನನ್ನು ಅಮೆರಿಕಕ್ಕೆ ಯಾಕೆ ಕಳಿಸಿದರು ಎಂಬ ಬಗ್ಗೆ ಎರಡು ವಾದಗಳಿವೆ. ಪ್ರತಿಭೆ ಗುರುತಿಸಿ ಕಳಿಸಿದೆವು ಎಂಬುದು ಕಳಿಸಿದ ಸೇವಾಸಂಸ್ಥೆಯವರ ವಾದ. ಒಂದು ತಿಂಗಳಾದರೂ ಸ್ಟಾಫ್ ರೂಮಿನಲ್ಲಿ ಶಾಂತಿ ಇರಲಿ ಎಂದು ಕಳಿಸಿದರು ಎಂಬುದು ನನ್ನ ಸಹೋದ್ಯೋಗಿಗಳ ವಾದ. ಎರಡನೆಯದಕ್ಕೆ ಸಾಕ್ಷಿಗಳು ಜಾಸ್ತಿ.

ಹುಮನಾಬಾದ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಅಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಹಾಗಾಗಿ ಯಾವ ವಿಷಯ ಕೊಟ್ಟರೂ ಎರಡೂ ಕಡೆಯಿಂದ ಮಾತಾಡುವುದು ನನಗೆ ಬರುತ್ತದೆ. ಮಾತಾಡದೆ ಇರುವುದಕ್ಕೆ ಯಾರೂ ಬಹುಮಾನ ಇಟ್ಟಿರಲಿಲ್ಲವಾದ್ದರಿಂದ ಅದನ್ನು ಕಲಿಯಲಿಲ್ಲ.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಕಡೆಯ ಶಾಲೆಗಳಲ್ಲಿ ಬಿಸಿಯೂಟ ಆಗತಾನೇ ರೂಢಿಯಾಗಿತ್ತು. ಆಗ ವಿಸ್ಕಾನ್ಸಿನ್ ಎಂಬ ರಾಜ್ಯದ ಒಂದು ಸಣ್ಣ ಊರಿನ ಶಾಲಾ ಜಿಲ್ಲೆಯಿಂದ ಆಹ್ವಾನ ಬಂತು. ಅಲ್ಲಿ ಶಾಲಾ ಜಿಲ್ಲೆ ಎಂದರೆ ಕಲೆಕ್ಟರ್ ಸಾಹೇಬರ ಜಿಲ್ಲೆಯಲ್ಲ. ಒಂದು ಊರು, ಸುತ್ತಲಿನ ಕೆಲವು ಹಳ್ಳಿ, ಅವುಗಳ ಶಾಲೆಗಳು ಸೇರಿ ಒಂದು ಜಿಲ್ಲೆ. ಅದನ್ನು ನಡೆಸಲು ಊರವರೇ ಆರಿಸಿದ ಒಂದು ಮಂಡಳಿ, ಮಂಡಳಿಯ ಕೈಕೆಳಗೆ ಒಬ್ಬ ಸೂಪರಿಂಟೆಂಡೆಂಟ್. ಇಂಥ ಜಿಲ್ಲೆಗಳಲ್ಲಿ ಯಾವುದು ಪರಿಸರ ಕಾಪಾಡುತ್ತದೆ, ಯಾವುದು ಮಕ್ಕಳ ಆರೋಗ್ಯ ನೋಡಿಕೊಳ್ಳುತ್ತದೆ, ಯಾವುದು ಇವೆರಡನ್ನೂ ಪಾಠವಾಗಿ ಕಲಿಸುತ್ತದೆ ಎಂದು ಒಂದು ಸಮಿತಿ ಪರೀಕ್ಷಿಸಿ ‘ಹಸಿರು ಜಿಲ್ಲೆ’ ಎಂದು ಮನ್ನಣೆ ಕೊಡುತ್ತಿತ್ತು. ನಮ್ಮನ್ನು ಕರೆದ ಜಿಲ್ಲೆ ಆ ವರ್ಷ ಮನ್ನಣೆಗೆ ನಿಂತಿತ್ತು. ನಾವು ಇಬ್ಬರು ಶಿಕ್ಷಕರು ಹೋಗಿ ಅದನ್ನೆಲ್ಲ ನೋಡಿ ಬರಬೇಕು.

ಆಯ್ಕೆಯ ದಿನ ‘ಅಲ್ಲಿಂದ ಏನು ಕಲಿತು ಬರುತ್ತೀರಿ?’ ಎಂದು ಕೇಳಿದರು. ನನಗಿಂತ ಮುಂಚೆ ಹೋದವರೆಲ್ಲ ಶಿಸ್ತು, ಸ್ವಚ್ಛತೆ, ಸಮಯಪ್ರಜ್ಞೆ ಎಂದಿದ್ದರು. ಕಲಿಯುವಂಥದ್ದು ಇದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡುತ್ತೇನೆ ಎಂದೆ ನಾನು. ಕೇಳುತ್ತಿದ್ದವರಲ್ಲಿ ಒಬ್ಬರು ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿದ್ದರು. ಅವರು ಎಚ್ಚರಾದರು. ಆಯ್ಕೆಯಾಯಿತು.

ಬಸವಕಲ್ಯಾಣ

ಬೀಳ್ಕೊಡುಗೆ ಇಟ್ಟುಕೊಂಡಿದ್ದು ಬಸವಕಲ್ಯಾಣದಲ್ಲಿ. ವಿಮಾನ ಹತ್ತಬೇಕಾದ್ದು ಹೈದರಾಬಾದಿನಲ್ಲಿ. ಅಂದರೆ ನಾನು ಹುಮನಾಬಾದಿನಿಂದ ಹಿಂದಕ್ಕೆ ಬಸವಕಲ್ಯಾಣಕ್ಕೆ ಹೋಗಿ, ಹಾರ ಹಾಕಿಸಿಕೊಂಡು, ಅದೇ ರಸ್ತೆಯಲ್ಲಿ ವಾಪಸು ಬಂದು, ನಮ್ಮ ಓಣಿಯ ಮುಂದೆಯೇ ಹಾದು ಅಮೆರಿಕಕ್ಕೆ ಹೊರಟೆ. ಬಸ್ಸಿನ ಕಿಟಕಿಯಿಂದ ನೋಡಿದರೆ ನಮ್ಮ ತಾಯಿ ಅಂಗಡಿಯ ಮುಂದೆ ಕೊತ್ತಂಬರಿ ಚೌಕಾಸಿ ಮಾಡುತ್ತಿದ್ದರು. ಬೆಳಿಗ್ಗೆ ಕಣ್ಣೀರು ಹಾಕಿ ಕಳಿಸಿದವರು ಈಗ ತಿರುಗಿಯೂ ನೋಡಲಿಲ್ಲ.

ಜೊತೆಗೆ ಬಂದವರು ಗಫೂರ ಸರ್. ಬಸವಕಲ್ಯಾಣದ ಒಂದು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ನಿವೃತ್ತಿಗೆ ಹತ್ತಿರ ಬಂದವರು, ನನ್ನನ್ನು ಮೊದಲ ದಿನದಿಂದಲೇ ‘ವಕೀಲ ಸಾಹೇಬ್ರ’ ಎಂದು ಕರೆದವರು. ಅವರ ಸೂಟ್‌ಕೇಸಿನ ಅರ್ಧ ತುಂಬ ಜೋಳದ ಕಡಕ್ ರೊಟ್ಟಿ ಇತ್ತು.

“ಅಲ್ಲಿ ಊಟ ಸಿಗಂಗಿಲ್ಲೇನ್ರಿ ಸರ್?”

“ಸಿಗ್ತದ. ಅದ ಹೆದರಿಕಿ.”

ಬಸ್ಸು ಹೆದ್ದಾರಿ ಹಿಡಿದ ಮೇಲೆ ಈ ಹಸಿರು ಮನ್ನಣೆಯ ಬಗ್ಗೆ ಮಾತು ಬಂತು. ತಪಾಸಣೆ ಎಂದರೆ ಎಲ್ಲೇ ಆಗಲಿ ನಾಟಕ ಎಂದು ನಾನು ವಾದ ಹೂಡಿದೆ. ಗಫೂರ ಸರ್ ವಾದ ಮಾಡುವವರಲ್ಲ. ಅವರು ನಡೆದದ್ದನ್ನು ಹೇಳುತ್ತಾರೆ, ಅಷ್ಟೆ.

“ಹೋದ ವರ್ಷ ನಮ್ಮ ಕಡಿ ಒಂದು ಶಾಲಿಗೆ ಸಾಹೇಬ್ರು ಬಂದ್ರು. ಹೂವಿನ ಕುಂಡ ನೋಡಿ ಖುಷ್ ಆದ್ರು. ಮುಂದಿನ ಶಾಲಿಗೆ ಹೋದ್ರು, ಅಲ್ಲೂ ಕುಂಡ. ಅದರ ಮುಂದಿನ ಶಾಲಿಯೊಳಗ ಕುಂಡದ ಮುಂದ ನಿಂತು, ಈ ದಾಸವಾಳ ನನಗ ಗುರ್ತು ಅದ ಅಂದ್ರಂತ.”

“ಆಮ್ಯಾಲ?”

“ಆಮ್ಯಾಲೇನು. ಚಹಾ ಕುಡದು ಹೋದ್ರು. ಆಟೋದಾಂವ ಪಾಪ ಹೈರಾಣ ಆಗಿದ್ದ. ಜೀಪಿಗಿಂತ ಮುಂದ ಓಡಬೇಕಲ್ರಿ.”

ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ. ಅಲ್ಲಿಯೂ ಕುಂಡಗಳಿರುತ್ತವೆ, ಆಟೋ ಯಾವುದು ಎಂಬುದನ್ನು ಪತ್ತೆ ಹಚ್ಚಿದರಾಯಿತು ಎಂದುಕೊಂಡೆ.

ಶಿಕಾಗೊ

ವಿಮಾನ ನಿಲ್ದಾಣದಲ್ಲಿ ಗಫೂರ ಸರ್ ಅವರ ಸೂಟ್‌ಕೇಸು ತೆಗೆಸಿದರು. ಸುಂಕದ ಅಧಿಕಾರಿ ಒಂದು ರೊಟ್ಟಿ ಎತ್ತಿ ಮೇಜಿಗೆ ಬಡಿದು ನೋಡಿದ. ಹಲಗೆ ಬಡಿದ ಸದ್ದು ಬಂತು.

“ಇದೇನು?”

“ಬ್ರೆಡ್,” ಎಂದರು ಗಫೂರ ಸರ್.

ಆತ ಇನ್ನೊಮ್ಮೆ ಬಡಿದ. ಸರ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರನ್ನು ಅವನ ಕೈಗಿಟ್ಟರು. ಆತ ತಿಂದ. ತಿನ್ನಲು ಸಾಕಷ್ಟು ಹೊತ್ತು ಹಿಡಿಯಿತು. ಆಮೇಲೆ ಇನ್ನೊಬ್ಬ ಅಧಿಕಾರಿಯನ್ನು ಕರೆದು ತಿನ್ನಿಸಿದ. ನಮ್ಮ ಹಿಂದಿನ ಸಾಲು ಬೆಳೆಯುತ್ತ ಹೋಯಿತು. ಭಾರತದ ಬಗ್ಗೆ ಅಲ್ಲಿ ನಮಗೆ ಬಂದ ಮೊದಲ ಪ್ರಶ್ನೆ, ನಿಮ್ಮಲ್ಲಿ ಹಲ್ಲಿನ ಡಾಕ್ಟರುಗಳು ಜಾಸ್ತಿಯೇ ಎಂಬುದು. ರೊಟ್ಟಿ ಪೂರ್ತಿ ಒಣಗಿದ್ದರಿಂದ ಅದರಲ್ಲಿ ಯಾವ ಹುಳವೂ ಬದುಕಲಾರದು ಎಂದು ಇಬ್ಬರೂ ಒಪ್ಪಿ ನಮ್ಮನ್ನು ಬಿಟ್ಟರು.

ಡಯಾನ್ ಅವರ ಮನೆ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ಕೇಳಿರುವುದಿಲ್ಲ. ಅವರೂ ಹುಮನಾಬಾದ ಕೇಳಿರಲಿಲ್ಲ, ಹಾಗಾಗಿ ಬಾಕಿ ಏನಿಲ್ಲ. ನಮ್ಮಲ್ಲಿ ಕಾಲಿಟ್ಟರೆ ಸುಡುವ ಏಪ್ರಿಲ್ ತಿಂಗಳು. ಅಲ್ಲಿ ರಸ್ತೆಯ ಅಂಚಿನಲ್ಲಿ ಇನ್ನೂ ಹಿಮದ ಗುಡ್ಡೆಗಳು ಮಣ್ಣು ಮೆತ್ತಿಕೊಂಡು ಬಿದ್ದಿದ್ದವು.

ನಾವು ಉಳಿದುಕೊಂಡಿದ್ದು ಡಯಾನ್ ಎಂಬ ಶಿಕ್ಷಕಿಯ ಮನೆಯಲ್ಲಿ. ಐವತ್ತರ ಆಸುಪಾಸಿನ ಹೆಣ್ಣುಮಗಳು, ಅದೇ ಊರಲ್ಲಿ ಹುಟ್ಟಿ ಬೆಳೆದವರು. ಮೊದಲು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಮಂಡಳಿಯವರು ಸಂಗೀತದ ಹುದ್ದೆ ತೆಗೆದು ಅವರನ್ನು ಪರಿಸರ ಸಂಯೋಜಕಿ ಮಾಡಿದ್ದರು. ಕೊಳಲು ಹಿಡಿದ ಮಕ್ಕಳನ್ನು ಬಿಟ್ಟು ಕಸದ ತೊಟ್ಟಿ ಹಿಡಿದ ಮಕ್ಕಳನ್ನು ನೋಡಿಕೊಳ್ಳಬೇಕಾಯಿತು. ಅದನ್ನೂ ಅವರು ಅಷ್ಟೇ ಶ್ರುತಿಬದ್ಧವಾಗಿ ಮಾಡಿದ್ದರು.

ಅಡುಗೆಮನೆಯಲ್ಲಿ ಬೇರೆ ಬೇರೆ ಬಣ್ಣದ ತೊಟ್ಟಿಗಳ ಒಂದು ಸಾಲೇ ಇತ್ತು. ಮೊದಲ ಬೆಳಿಗ್ಗೆ ಗಫೂರ ಸರ್ ಚಹಾ ಕುಡಿದು ಚಹಾದ ಚೀಲ ಹಿಡಿದು ಅವುಗಳ ಮುಂದೆ ನಿಂತರು. ನಾನು ಸ್ನಾನ ಮುಗಿಸಿ ಬಂದಾಗಲೂ ನಿಂತೇ ಇದ್ದರು.

“ಏನ್ ಮಾಡಾಕತ್ತೀರಿ ಸರ್?”

“ಪುಡಿ ಗೊಬ್ಬರಕ್ಕ ಹೋಗ್ತದ. ಚೀಟಿ ಕಾಗದಕ್ಕ ಹೋಗ್ತದ. ಪಿನ್ನು ಲೋಹಕ್ಕ ಹೋಗ್ತದ. ಈ ದಾರ ಯಾವ ಜಾತಿ ಅಂತ ತಿಳೀವಲ್ದು.”

ದಾರವನ್ನು ಜೇಬಿನಲ್ಲಿಟ್ಟುಕೊಂಡರು. ಆ ತಿಂಗಳು ಮುಗಿಯುವ ಹೊತ್ತಿಗೆ ಅವರ ಕೋಟಿನ ಜೇಬಿನಲ್ಲಿ ಒಂದು ಉಂಡೆ ದಾರವಿತ್ತು.

ಮೊದಲ ರಾತ್ರಿಯೂಟಕ್ಕೆ ಕೂತಾಗಲೇ ಡಯಾನ್ ವಿಷಯ ತಿಳಿಸಿದ್ದರು. ನಾಳೆ ಮಳೆ ಬರಬಹುದು ಎನ್ನುವ ದನಿಯಲ್ಲಿ ಹೇಳಿದರು. ಈ ವರ್ಷ ಮನ್ನಣೆ ಸಿಗದಿದ್ದರೆ ಪರಿಸರ ಸಂಯೋಜಕಿಯ ಹುದ್ದೆಯನ್ನು ಮಂಡಳಿ ತೆಗೆಯುತ್ತದೆ. ಆಮೇಲೆ ಈ ಊರಲ್ಲಿ ನನಗೆ ಕೆಲಸವಿಲ್ಲ. ಮನೆ ಮಾರಿ ಬೇರೆ ಊರಿಗೆ ಹೋಗಬೇಕು. ಮನ್ನಣೆ ಸಿಕ್ಕರೆ ಉಳಿಯುತ್ತೇನೆ.

“ನೀವು ಬಂದದ್ದೂ ಒಳ್ಳೆಯದಾಯಿತು,” ಎಂದರು. “ಬೇರೆ ದೇಶದ ಶಿಕ್ಷಕರು ಬಂದು ಮಕ್ಕಳ ಜೊತೆ ಇದ್ದರೆ ಅದಕ್ಕೂ ಅಂಕಗಳಿವೆ.”

“ನಮ್ಮಿಬ್ಬರಿಗೂ ಸೇರಿ ಎಷ್ಟು?” ಎಂದೆ.

“ತಲಾ ಒಂದು.”

ಗಫೂರ ಸರ್ ತಮ್ಮ ಅಂಕದ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿ ಆಲೂಗಡ್ಡೆ ಹಾಕಿಸಿಕೊಂಡರು.

ಶಾಲೆ

ಶಾಲೆಯ ಮುಂದೆ ಒಂದು ಫಲಕ: ಮಕ್ಕಳ ಶ್ವಾಸಕೋಶಕ್ಕಾಗಿ ದಯವಿಟ್ಟು ಕಾರಿನ ಎಂಜಿನ್ ಬಂದ್ ಮಾಡಿ. ಸಂಜೆ ಅದರ ಮುಂದೆ ಕಾರುಗಳು ಸಾಲಾಗಿ ನಿಂತು, ಎಲ್ಲರೂ ಎಂಜಿನ್ ಬಂದ್ ಮಾಡಿ, ಎರಡು ಬೀದಿ ಆಚೆ ಮನೆ ಇರುವ ಮಕ್ಕಳಿಗಾಗಿ ಕಾಯುತ್ತಿದ್ದರು. ಹಾಗೆ ಕಾರಿನಲ್ಲಿ ಬಂದು ಹೋಗುವ ಮಕ್ಕಳು ಶಾಲೆಯೊಳಗೆ ಆರೋಗ್ಯಕ್ಕಾಗಿ ವ್ಯಾಯಾಮಶಾಲೆಯ ಸುತ್ತ ನಡೆಯುತ್ತಿದ್ದರು. ನಮ್ಮ ತಾಲೂಕಿನ ಹುಡಗಿ ಎಂಬ ಗ್ರಾಮದ ಕಡೆಯ ಮಕ್ಕಳು ಹೊಲದ ಬದುವಿನ ಮೇಲೆ ಬೆಳಿಗ್ಗೆ ಸಂಜೆ ನಡೆಯುತ್ತಾರೆ. ಅದನ್ನು ಯಾರೂ ಆರೋಗ್ಯ ಶಿಕ್ಷಣ ಎಂದು ಬರೆದುಕೊಂಡಿಲ್ಲ. ಇದನ್ನು ಡಯಾನ್ ಅವರಿಗೆ ಹೇಳಿದೆ.

“ನಿಮ್ಮ ಮಕ್ಕಳಿಗೆ ನಡೆಯುವುದು ಇಷ್ಟವೇ?” ಎಂದು ಕೇಳಿದರು.

ಇಲ್ಲ. ಅವರಿಗೆ ಕಾರು ಇಷ್ಟ. ಆ ಸುತ್ತು ನಾನು ಗೆದ್ದೆನೋ ಸೋತೆನೋ ಇನ್ನೂ ತಿಳಿದಿಲ್ಲ.

ಇದನ್ನು ಬಿಟ್ಟರೆ ಶಾಲೆ ನಿಜವಾಗಿ ಚೆನ್ನಾಗಿತ್ತು, ಅದು ನನಗೆ ಕಿರಿಕಿರಿ. ಮಕ್ಕಳೇ ನೆಟ್ಟ ಗಿಡಗಳು ನೆಲದಲ್ಲಿದ್ದವು. ಒಂದೂ ಕುಂಡವಿಲ್ಲ. ಹಳ್ಳದ ನೀರು ತಂದು ಪರೀಕ್ಷೆ ಮಾಡುತ್ತಿದ್ದರು. ಗಫೂರ ಸರ್ ಅವರ ಜೊತೆ ಹಳ್ಳಕ್ಕಿಳಿದು ಪ್ಯಾಂಟು ತೋಯಿಸಿಕೊಂಡು ಬಹಳ ಖುಷಿಯಲ್ಲಿ ಬಂದರು.

ಆಟೋ ಸಿಕ್ಕಿದ್ದು ಊಟದ ಕೋಣೆಯಲ್ಲಿ.

ಅಲ್ಲಿ ಊಟದ ಸಾಲಿನ ಕೊನೆಗೆ ಪ್ರತಿ ಮಗುವೂ ಒಂದು ಹಣ್ಣು ತೆಗೆದುಕೊಳ್ಳಲೇಬೇಕೆಂಬ ನಿಯಮ. ಕೋಣೆಯ ಇನ್ನೊಂದು ತುದಿಯಲ್ಲಿ ಗೊಬ್ಬರದ ತೊಟ್ಟಿಗಳು, ತರಗತಿಗೊಂದು. ಊಟ ಮುಗಿಸಿ ಉಳಿದದ್ದನ್ನು ಅಲ್ಲಿ ಹಾಕಬೇಕು. ತೊಟ್ಟಿಗಳ ಪಕ್ಕ ತೂಕದ ಯಂತ್ರ, ಅದರ ಪಕ್ಕ ಕಪ್ಪು ಹಲಗೆ. ಡಯಾನ್ ದಿನವೂ ಯಂತ್ರದ ಪಕ್ಕ ಹಲಗೆಯ ಕಡೆ ಮುಖ ಮಾಡಿ ನಿಂತು, ಮುಚ್ಚಳ ಹಾಕಿದ ತೊಟ್ಟಿಗಳನ್ನು ತೂಗಿಸಿ ಪ್ರತಿ ತರಗತಿಯ ತೂಕವನ್ನು ಬರೆಯುತ್ತಿದ್ದರು. ತಿಂಗಳಲ್ಲಿ ಅತಿ ಹೆಚ್ಚು ಗೊಬ್ಬರ ಕೊಟ್ಟ ತರಗತಿಗೆ ಪಿಜ್ಜಾ ಪಾರ್ಟಿ. ಜಿಲ್ಲೆಯ ಹೆಮ್ಮೆ ಈ ಹಲಗೆ. ಮನ್ನಣೆಯ ಅರ್ಜಿಯ ಮೊದಲ ಪುಟದಲ್ಲೇ ಅದರ ಚಿತ್ರವಿತ್ತು.

ನಾನು ಯಂತ್ರದ ಹತ್ತಿರ ನಿಲ್ಲದೆ ಊಟದ ಸಾಲಿನ ಹತ್ತಿರ ನಿಂತಿದ್ದೆ. ನಾಲ್ಕನೇ ತರಗತಿಯ ಮಕ್ಕಳು ಬಂದರು. ಒಬ್ಬೊಬ್ಬರೂ ಎರಡೆರಡು ಸೇಬು ಎತ್ತಿಕೊಂಡರು. ಕಚ್ಚಲಿಲ್ಲ, ನೋಡಲೂ ಇಲ್ಲ. ನೇರ ತೊಟ್ಟಿಗೆ ಹಾಕಿ ಕೈ ಒರೆಸಿಕೊಂಡರು. ಹಿಂದೆಯೇ ಹೋಗಿ ತೊಟ್ಟಿಯ ಮುಚ್ಚಳ ಎತ್ತಿ ಇಣುಕಿದೆ. ಬಸವಕಲ್ಯಾಣದ ಬಜಾರಿನಲ್ಲಿ ಒಂದೊಂದನ್ನೇ ಒರೆಸಿ ಕಾಗದದಲ್ಲಿ ಕೂರಿಸಿ ಮಾರುವಂಥ ಹಣ್ಣುಗಳು.

“ಯಾಕೆ ತಿನ್ನಲಿಲ್ಲ?” ಎಂದು ಕೇಳಿದೆ.

“ನಾವು ಐದನೇ ತರಗತಿಗಿಂತ ಹಿಂದಿದ್ದೇವೆ,” ಎಂದಳು ಒಬ್ಬಳು. ಮೂರ್ಖ ಪ್ರಶ್ನೆಗೆ ಉತ್ತರಿಸುವ ತಾಳ್ಮೆ ಅವಳಿಗಿತ್ತು.

ಕೆರೆಯ ದಂಡೆ

ಆ ಸಂಜೆ ನಾನೂ ಗಫೂರ ಸರ್ ಅವರೂ ಕೆರೆಯ ದಂಡೆಯ ಮೇಲೆ ನಡೆದೆವು. ಕೆರೆ ಎಂದರೆ ಸಣ್ಣದಲ್ಲ, ಆಚೆ ದಂಡೆ ಕಾಣದು. ನೀರಿನ ಮೇಲೆ ಇನ್ನೂ ಮಂಜುಗಡ್ಡೆಯ ಪದರವಿತ್ತು. ನಾನು ಕಂಡದ್ದನ್ನು ಹೇಳಿದೆ. ಅವರು ನಿಂತುಬಿಟ್ಟರು.

“ಕಚ್ಚಲಾರದ ಸೇಬು?”

“ಕಚ್ಚಲಾರದ್ದು. ಚಲೋ ಕೆಂಪು ಸೇಬು. ಗೊಬ್ಬರ ಆಗಲಿ ಅಂತ ತಗೋತಾರ, ಗೊಬ್ಬರ ಮಾಡ್ತಾರ, ಬಹುಮಾನ ತಗೋತಾರ.”

“ನಮ್ಮ ಶಾಲ್ಯಾಗ ಗೊಬ್ಬರ ಮಾಡ್ರಿ ಅಂದ್ರ ಹ್ಯಾಂಗ ಮಾಡಬೇಕ್ರಿ,” ಎಂದರು ಸರ್. “ಬಿಸಿಯೂಟ ಉಳಿದ್ರ ಹುಡುಗರು ಡಬ್ಬಿಯೊಳಗ ತಂಗಿಗೆ ಒಯ್ತಾರ. ತಳಕ ಹತ್ತಿದ್ದು ನಾಯಿಗೆ. ಸಿಪ್ಪಿ ಕಾಂಪೌಂಡ್ ಮ್ಯಾಲಿಂದ ಆಡು ಕುತ್ತಿಗಿ ಹಾಕಿ ತಿಂತದ. ಗೊಬ್ಬರಕ್ಕ ಉಳಿಯೂದೇನು, ನೀರು. ತೂಕಕ್ಕ ಹಾಕಿದ್ರ ನಮಗ ಸೊನ್ನಿ ಬರ್ತದ.”

“ಅದನ್ನ ನಾ ಹೇಳಾಕತ್ತಿದ್ದು. ಡಯಾನ್ ಅವರಿಗಿ ತಿಳಿಸಬೇಕು.”

ಗಫೂರ ಸರ್ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ನಡೆದರು. ಸ್ವಲ್ಪ ದೂರ ಹೋಗಿ ಕೇಳಿದರು: “ಮಂದಿ ಮನ್ಯಾಗ ಊಟಕ್ಕ ಕುಂತು ಉಪ್ಪು ಕಡಿಮಿ ಅಂತೀರೇನು ವಕೀಲ ಸಾಹೇಬ್ರ?”

“ಉಪ್ಪು ಕಡಿಮಿ ಇದ್ರ ಅಂತೀನಿ.”

“ಅಂದೀರಿ, ಅಂದೀರಿ. ಆದ್ರ ಇಲ್ಲಿ ಉಪ್ಪಿನ ಮಾತಲ್ಲ. ಆಕಿ ನೌಕರಿ ಆ ಹಲಗಿ ಮ್ಯಾಲ ನಿಂತದ. ಪರೀಕ್ಷಾದವ್ರು ಬಂದು ಹೋಗಲಿ. ಆಮ್ಯಾಲ ಹೇಳ್ರಿ. ಸೇಬು ಎಲ್ಲೂ ಓಡಿ ಹೋಗಂಗಿಲ್ಲ.”

“ಆಮ್ಯಾಲ ಹೇಳಿದ್ರ ಅದು ಖರೇ ಅಲ್ಲೇನು?”

“ಖರೇನೇ. ತಣ್ಣಗ ಆಗಿರ್ತದ, ತಿನ್ನಾಕ ಬರ್ತದ.”

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ದಾರಿಯುದ್ದಕ್ಕೂ ಕೊಟ್ಟೆ. ಅವರು ಮಂಜುಗಡ್ಡೆ ನೋಡುತ್ತ ಬಂದರು.

ಅಡುಗೆಮನೆಯ ಮೇಜು

ಕೆಲವು ದಿನ ಸುಮ್ಮನಿದ್ದೆ. ನನ್ನ ಮಟ್ಟಿಗೆ ಅದು ದೊಡ್ಡ ಪ್ರಯೋಗ. ಪರೀಕ್ಷಕರು ಬರುವುದಕ್ಕೆ ಇನ್ನೊಂದೇ ದಿನ ಉಳಿದಾಗ, ಸಂಜೆ ಡಯಾನ್ ಮೇಜಿನ ಮೇಲೆ ಹಲಗೆಯ ಅಂಕಿಗಳನ್ನೆಲ್ಲ ಹರಡಿಕೊಂಡು ಕೂತಿದ್ದರು. ಹೋದ ವರ್ಷಕ್ಕಿಂತ ಈ ವರ್ಷ ಗೊಬ್ಬರ ಎಷ್ಟು ಪಟ್ಟು ಹೆಚ್ಚಾಗಿದೆ ನೋಡಿ ಎಂದು ನನಗೆ ತೋರಿಸಿದರು.

“ಹೆಚ್ಚಾಗುತ್ತಿರುವುದು ಗೊಬ್ಬರವಲ್ಲ,” ಎಂದೆ. “ಎಸೆಯುವುದು.”

ಗಫೂರ ಸರ್ ಎದ್ದು ಚಹಾ ಮಾಡಲು ಹೋದರು. ನಾನು ಎಲ್ಲವನ್ನೂ ಹೇಳಿದೆ. ಚೆನ್ನಾಗಿಯೇ ಹೇಳಿದೆ: ಮೊದಲು ಕಂಡದ್ದು, ಆಮೇಲೆ ಕಾರಣ, ಕೊನೆಗೆ ತೀರ್ಮಾನ. ಮುಗಿಸಿದಾಗ ಚರ್ಚಾಸ್ಪರ್ಧೆಯ ಅಭ್ಯಾಸಬಲದಿಂದ ಗಂಟೆ ಬಾರಿಸುವುದನ್ನು ಕಾದೆ.

ಡಯಾನ್ ಕಾಗದಗಳನ್ನು ಜೋಡಿಸಿಕೊಂಡರು. “ಮಕ್ಕಳಿಗೆ ಹಸಿವಿರಲಿಕ್ಕಿಲ್ಲ,” ಎಂದರು.

“ಹಸಿವಿಲ್ಲದವರು ಎರಡು ತೆಗೆದುಕೊಳ್ಳುತ್ತಾರೆಯೇ?”

ಡಯಾನ್ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡರು. ಮರುದಿನ ಊಟದ ಹೊತ್ತಿಗೆ ತೂಕದ ಯಂತ್ರದ ಪಕ್ಕ ಬೇರೆಯವರನ್ನು ನಿಲ್ಲಿಸಿ, ತಾವು ಸಾಲಿನ ಹತ್ತಿರ ಹೋಗಿ ನಿಂತರು. ಸೇಬುಗಳು ಅವರ ಮುಂದೆಯೇ ಹಾದುಹೋದವು. ಒಂದು ಮಗು ಅವರನ್ನು ಖುಷಿಪಡಿಸಲೆಂದು ಮೂರನೆಯದನ್ನೂ ಎತ್ತಿಕೊಂಡು, ನೋಡಿದಿರಾ ಎಂಬಂತೆ ನಕ್ಕಿತು. ಅವರೂ ನಕ್ಕರು. ಬೇರೆ ಏನು ಮಾಡಬಹುದಿತ್ತೋ ನನಗೂ ಗೊತ್ತಿಲ್ಲ.

ಅಂದು ಸಂಜೆ ಕಾರಿನಲ್ಲಿ ಬರುವಾಗ ಕೇಳಿದರು: “ನೀನು ಇದನ್ನು ಯಾವಾಗ ನೋಡಿದೆ?”

“ಮೊದಲ ವಾರ.”

“ಆಗಲೇ ಹೇಳಿದ್ದರೆ ಸರಿಪಡಿಸುತ್ತಿದ್ದೆ. ನಾಡಿದ್ದು ಹೇಳಿದ್ದರೆ ಪರೀಕ್ಷಕರು ಬಂದಾಗ ನನಗೆ ಗೊತ್ತಿರುತ್ತಿರಲಿಲ್ಲ. ನೀನು ಆರಿಸಿಕೊಂಡದ್ದು ನಡುವಿನ ದಿನ.”

ಹಿಂದಿನ ಸೀಟಿನಲ್ಲಿ ಗಫೂರ ಸರ್ ಕೆಮ್ಮಿದರು.

ಪರೀಕ್ಷಕರು

ಪರೀಕ್ಷಕರು ಮೂವರು ಬಂದರು. ಜೀಪಿರಲಿಲ್ಲ, ಹಾರವಿರಲಿಲ್ಲ, ಒಬ್ಬರು ಸೈಕಲ್ ಮೇಲೆ ಬಂದಿದ್ದರು. ಗಿಡ ನೋಡಿದರು, ಹಳ್ಳದ ನೀರು ನೋಡಿದರು, ನಮ್ಮಿಬ್ಬರ ಕೈ ಕುಲುಕಿ ನಮ್ಮ ಅಂಕಗಳನ್ನು ಬರೆದುಕೊಂಡರು. ನಿಮ್ಮಲ್ಲಿ ಹಸಿರು ಶಾಲೆಗಳನ್ನು ಹೇಗೆ ತಪಾಸಣೆ ಮಾಡುತ್ತಾರೆ ಎಂದು ಒಬ್ಬರು ಗಫೂರ ಸರ್ ಅವರನ್ನು ಕೇಳಿದರು. ಸರ್ ಕುಂಡ ಮತ್ತು ಆಟೋದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿದರು. ಅವರು ಬಹಳ ನಕ್ಕು, ಭಾರತೀಯರ ಹಾಸ್ಯಪ್ರಜ್ಞೆ ಇಷ್ಟವಾಯಿತು ಎಂದರು.

ಆಮೇಲೆ ಊಟದ ಕೋಣೆ. ಸೂಪರಿಂಟೆಂಡೆಂಟ್ ಹಲಗೆಯ ಮುಂದೆ ನಿಂತು ಅಂಕಿಗಳನ್ನು ವಿವರಿಸಲು ಶುರುಮಾಡಿದರು. ಅವರ ಮಾತು ಮುಗಿಯುವುದನ್ನು ಕಾದು ಡಯಾನ್ ಹೇಳಿದರು:

“ಈ ಅಂಕಿಗಳನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇದರಲ್ಲಿ ಬಹುಪಾಲು ಒಳ್ಳೆಯ ಹಣ್ಣು. ನಾನು ಬಹುಮಾನ ಇಟ್ಟೆ, ಮಕ್ಕಳು ಬಹುಮಾನಕ್ಕಾಗಿ ಎಸೆದರು. ನಿನ್ನೆ ನನಗೆ ತಿಳಿಯಿತು.”

ಸೂಪರಿಂಟೆಂಡೆಂಟರ ಮುಖ ಅವರ ಕೆಂಪು ಟೈ ಬಣ್ಣಕ್ಕೆ ಬಂತು. ಇದನ್ನು ಆಮೇಲೆ ಮಾತಾಡಬಹುದಲ್ಲ ಎಂದರು. ಈಗಲೇ ಮಾತಾಡಿ ಆಯಿತು ಎಂದರು ಡಯಾನ್. ಒರೆಸುವ ಬಟ್ಟೆ ತೆಗೆದುಕೊಂಡು ಹಲಗೆ ಒರೆಸಿದರು. ಪರೀಕ್ಷಕರು ಬರೆದುಕೊಂಡರು. ಬಹಳ ಹೊತ್ತು ಬರೆದುಕೊಂಡರು.

ಮರುದಿನದಿಂದ ತೊಟ್ಟಿಗಳ ಮೊದಲು ಒಂದು ಮೇಜು ಬಂತು. ಬೇಡದ ಹಣ್ಣನ್ನು ಅಲ್ಲಿಡಬೇಕು, ಬೇಕಾದವರು ತೆಗೆದುಕೊಳ್ಳಬೇಕು. ಪಿಜ್ಜಾ ರದ್ದಾಯಿತು. ಐದನೇ ತರಗತಿಯವರು ಒಂದು ದಿನ ನನ್ನನ್ನು ನೋಡಿ ಮುಖ ತಿರುಗಿಸಿದರು. ಸುದ್ದಿ ಹೇಗೆ ಹೋಯಿತೋ.

ಗಫೂರ ಸರ್ ಎರಡು ದಿನ ನನ್ನ ಜೊತೆ ಲೆಕ್ಕಕ್ಕಷ್ಟೇ ಮಾತಾಡಿದರು. ಮೂರನೇ ದಿನ ರೊಟ್ಟಿ ಮುರಿಯುತ್ತ ಹೇಳಿದರು: “ನಿಮ್ಮ ಬಾಯಿಗೆ ಒಂದು ಹೆಣ್ಮಗಳ ನೌಕರಿ ಹೋತು ನೋಡ್ರಿ.”

“ಇನ್ನೂ ಹೋಗಿಲ್ಲ.”

“ಹೋಗ್ತದ.”

ಮಂಡಳಿಯ ಸಭೆ

ಮನ್ನಣೆ ಬಂತು.

ಕಾಗದ ಬಂದ ದಿನ ಶಾಲೆಯ ಧ್ವನಿವರ್ಧಕದಲ್ಲಿ ಓದಿದರು. ಪರಿಸರ, ಆರೋಗ್ಯ, ಶಿಕ್ಷಣ ಮೂರರಲ್ಲೂ ಜಿಲ್ಲೆ ಮನ್ನಣೆಗೆ ಯೋಗ್ಯ. ತಮ್ಮ ತಪ್ಪನ್ನು ತಾವೇ ಕಂಡು ತಿದ್ದಿಕೊಳ್ಳುವ ಕ್ರಮ ವಿಶೇಷವಾಗಿ ಮೆಚ್ಚತಕ್ಕದ್ದು ಎಂದೂ ಬರೆದಿದ್ದರು. ಸೂಪರಿಂಟೆಂಡೆಂಟ್ ಈ ಸಾಲನ್ನು ಎರಡು ಸಲ ಓದಿದರು. ಡಯಾನ್ ಅವರ ಮನೆಯ ಫೋನು ಸಂಜೆಯವರೆಗೆ ಬಡಿದುಕೊಂಡಿತು. ನಾನು ಗಫೂರ ಸರ್ ಎದುರಿಗೆ ಹೋಗಿ ಕೂತೆ, ಅಷ್ಟೆ.

“ಆತ್ರಿ, ನೀವ ಗೆದ್ರಿ,” ಎಂದರು ಕೊನೆಗೆ. “ಸೋತಿದ್ದಕ್ಕ ನನಗ ಬ್ಯಾಸರಿಲ್ಲ.”

ಆ ವಾರವೇ ಮಂಡಳಿಯ ಸಭೆ. ಅಲ್ಲಿ ಸಭೆ ಎಂದರೆ ಊರವರೆಲ್ಲ ಬಂದು ಕೂರಬಹುದು. ಯಾರಾದರೊಬ್ಬರು ಮನೆಯಿಂದ ತಿಂಡಿ ಮಾಡಿ ತರಬೇಕೆಂಬ ರೂಢಿಯೂ ಇದೆ. ಆ ಸಲ ಸರದಿ ಡಯಾನ್ ಅವರದು. ಬೆಳಿಗ್ಗೆ ಎದ್ದು ಚಾಕೊಲೇಟ್ ಹಾಕಿ ಕೇಕು ಬೇಯಿಸಿ, ಚೌಕ ಚೌಕ ಕತ್ತರಿಸಿ ತಟ್ಟೆ ತುಂಬ ತಂದಿದ್ದರು. ಮಂಡಳಿಯವರು ತಿನ್ನುತ್ತ ಸಭೆ ಶುರುಮಾಡಿದರು.

ಮೊದಲ ವಿಷಯ ಮನ್ನಣೆ. ಚಪ್ಪಾಳೆ. ಎರಡನೆಯ ವಿಷಯ ಪರಿಸರ ಸಂಯೋಜಕಿಯ ಹುದ್ದೆ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಓದಿದರು: ಈ ಹುದ್ದೆಯನ್ನು ಮನ್ನಣೆ ಪಡೆಯುವ ಉದ್ದೇಶಕ್ಕೆ ಸೃಷ್ಟಿಸಲಾಗಿತ್ತು. ಉದ್ದೇಶ ಈಡೇರಿದೆ. ಆದ್ದರಿಂದ ಶಾಲೆಯ ಈ ವರ್ಷ ಮುಗಿಯುತ್ತಲೇ ಹುದ್ದೆಯನ್ನು ಮುಕ್ತಾಯಗೊಳಿಸತಕ್ಕದ್ದು.

ನನಗೆ ತಪ್ಪು ಕೇಳಿಸಿತು ಎಂದುಕೊಂಡು ಗಫೂರ ಸರ್ ಕಡೆ ನೋಡಿದೆ. ಅವರೂ ನನ್ನ ಕಡೆ ನೋಡುತ್ತಿದ್ದರು.

ಮಂಡಳಿಯ ಒಬ್ಬ ಸದಸ್ಯೆ ಮಾತಾಡಿದರು. ಆಕೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಅದನ್ನು ಹುಡುಕಿ ನೋಡಿದೆ. “ಡಯಾನ್ ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದಾರೆಂದರೆ, ಇನ್ನು ಅದನ್ನು ಮಾಡಲು ಯಾರೂ ಬೇಕಾಗಿಲ್ಲ.”

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಯಾನ್ ಕೂಡ ಅರ್ಧ ಎದ್ದು ಥ್ಯಾಂಕ್ಯೂ ಎಂದರು. ಅವರ ಕೈಯಲ್ಲಿ ಖಾಲಿ ತಟ್ಟೆಯಿತ್ತು.

ನಾನು ಕೈ ಎತ್ತಿದೆ. ಸಭಿಕರಿಗೆ ಮೂರು ನಿಮಿಷ ಮಾತಾಡಲು ಅವಕಾಶವಿದೆ ಎಂದು ಗೋಡೆಯ ಮೇಲೇ ಬರೆದಿತ್ತು. ಮೂರು ನಿಮಿಷ ನನಗೆ ಬೇಕಾದಷ್ಟಾಯಿತು. ಮನ್ನಣೆ ಸಿಗದಿದ್ದರೂ ಹುದ್ದೆ ಇಲ್ಲ, ಸಿಕ್ಕರೂ ಇಲ್ಲ ಎಂದಮೇಲೆ ಮನ್ನಣೆಯನ್ನು ಮಧ್ಯೆ ತಂದದ್ದೇಕೆ ಎಂಬುದು ನನ್ನ ಮೊದಲ ಅಂಶ. ಎರಡನೆಯದೂ ಸಿದ್ಧವಾಗಿತ್ತು.

“ಎಲ್ಲಿ ವಾಸ?” ಎಂದು ಅಧ್ಯಕ್ಷರು ಪ್ರೀತಿಯಿಂದಲೇ ಕೇಳಿದರು.

“ಹುಮನಾಬಾದ.”

“ಅದು ಈ ಜಿಲ್ಲೆಯಲ್ಲಿದೆಯೇ?”

“ಬೀದರ ಜಿಲ್ಲೆಯಲ್ಲಿದೆ.”

ಜಿಲ್ಲೆಯ ನಿವಾಸಿಗಳಿಗೆ ಮಾತ್ರ ಮಾತಾಡುವ ಹಕ್ಕು ಎಂದು ಅವರು ವಿಷಾದ ವ್ಯಕ್ತಪಡಿಸಿದರು. ನಮ್ಮ ಭೇಟಿಗಾಗಿ ಮಂಡಳಿ ಕೃತಜ್ಞವಾಗಿದೆ ಎಂದೂ ಸೇರಿಸಿದರು. ನನ್ನ ಕೈ ಇನ್ನೂ ಮೇಲೇ ಇತ್ತು. ಗಫೂರ ಸರ್ ಅದನ್ನು ಹಿಡಿದು ಕೆಳಗಿಳಿಸಿದರು.

“ಕುಂಡ್ರಿ ಬೇಟಾ,” ಎಂದರು. ವಕೀಲ ಸಾಹೇಬ್ರ ಎನ್ನಲಿಲ್ಲ.

ಹೊರಗೆ ಕಾರಿನ ಹತ್ತಿರ ಡಯಾನ್ ಅವರಿಗೆ ನನ್ನ ಮೂರು ನಿಮಿಷವನ್ನು ಹೇಳಲು ಹೊರಟೆ. ಅವರು ಕೀಲಿ ಹುಡುಕುತ್ತ ಕೇಳಿಸಿಕೊಂಡರು. ಒಳ್ಳೆಯ ವಾದ ಎಂದರು. ಬೇಸಿಗೆಯಲ್ಲಿ ಮನೆ ಬೇಗ ಮಾರಾಟವಾಗುತ್ತದೆ, ಅದೊಂದು ಅನುಕೂಲ ಎಂದರು. ಮನೆಯವರೆಗೂ ನಾನು ಹಿಂದಿನ ಸೀಟಿನಲ್ಲಿ ಗಫೂರ ಸರ್ ಪಕ್ಕ ಕೂತು ಬಂದೆ.

ಕೊನೆಯ ಊಟ

ಹೊರಡುವ ದಿನ ನಮ್ಮ ಬಸ್ಸು ಮಧ್ಯಾಹ್ನಕ್ಕಿತ್ತು. ಡಯಾನ್ ಎಂದಿನಂತೆ ಶಾಲೆಗೆ ಹೋದರು, ನಾವೂ ಹೋದೆವು. ವರ್ಷ ಮುಗಿಯಲು ಇನ್ನೂ ಸಮಯವಿತ್ತು. ಮುಗಿಯುವವರೆಗೆ ಕೆಲಸ ಅವರದೇ.

ಊಟದ ಕೋಣೆಯ ಬಾಗಿಲಲ್ಲಿ ಮನ್ನಣೆಯ ಹಸಿರು ಬಾವುಟ ತೂಗುಹಾಕಿದ್ದರು. ತೂಕದ ಯಂತ್ರ ಇರಲಿಲ್ಲ. ಹಣ್ಣಿನ ಮೇಜಿನ ಮೇಲೆ ಒಂದಷ್ಟು ಸೇಬುಗಳಿದ್ದವು, ತೊಟ್ಟಿಗಳಲ್ಲಿ ಸಿಪ್ಪೆ, ಬ್ರೆಡ್ಡಿನ ಅಂಚು, ಅಷ್ಟೆ. ಡಯಾನ್ ಮೇಜಿನ ಪಕ್ಕ ನಿಂತು ಉರುಳಿ ಬೀಳಲಿದ್ದ ಹಣ್ಣುಗಳನ್ನು ಒಳಕ್ಕೆ ಸರಿಸುತ್ತಿದ್ದರು. ಈ ಮೇಜನ್ನು ಮುಂದಿನ ವರ್ಷ ಯಾರು ಹಾಕುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಬಾರದು ಎಂದು ಯಾರೂ ಹೇಳಿರಲಿಲ್ಲ.

ನಾಲ್ಕನೇ ತರಗತಿಯ ಒಬ್ಬ ಹುಡುಗಿ, ಮೊದಲ ವಾರ ನನಗೆ ತಾಳ್ಮೆಯಿಂದ ಉತ್ತರಿಸಿದವಳೇ ಇರಬೇಕು, ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಒಂದೇ ಸೇಬು. ಹಲಗೆ ಇದ್ದ ಜಾಗವನ್ನು ನೋಡಿದಳು, ತೊಟ್ಟಿ ನೋಡಿದಳು, ಡಯಾನ್ ಅವರನ್ನು ನೋಡಿದಳು.

“ಈಗ ಯಾರು ಗೆಲ್ಲುತ್ತಿದ್ದಾರೆ?” ಎಂದು ಕೇಳಿದಳು.

“ಯಾರೂ ಇಲ್ಲ,” ಎಂದರು ಡಯಾನ್. “ತಿನ್ನು.”

ಹುಡುಗಿ ಅದರಲ್ಲೇನಾದರೂ ಮೋಸವಿದೆಯೋ ಎಂಬಂತೆ ಸೇಬನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಕಚ್ಚಿದಳು.